ಶನಿಗೂ ಅದೇ ಕಲ್ಲು, ಗುರುವಿಗೂ ಅದೇ ಕಲ್ಲು: ಅಮೆಥಿಸ್ಟ್ ಬಣ್ಣದ ಚರಿತ್ರೆ

ಕೇಳೋಕೆ ಪುರುಸೊತ್ತಿಲ್ಲ, ಓದಿಬಿಡ್ತೀವಿ ಅನ್ನೋರಿಗಾಗಿ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಈ ಸಲದ ವಿಷಯ ಒಂದು ಬಣ್ಣ. ನೇರಳೆ ಹಣ್ಣಿನ ಬಣ್ಣ.

ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಯಾವುದಾದರೂ ಹರಳಿನ ಅಂಗಡಿಗೆ ಹೋಗಿ ನೋಡಿ. ಗೋಡೆ ಮೇಲೆ ನವರತ್ನದ ಪಟ್ಟಿ ಇರುತ್ತೆ. ಶನಿಗೆ ನೀಲ, ಗುರುವಿಗೆ ಪುಷ್ಯರಾಗ. ಒಳ್ಳೆಯ ನೀಲ, ಒಳ್ಳೆಯ ಪುಷ್ಯರಾಗ ಎರಡೂ ನಮ್ಮ ನಿಮ್ಮಂಥೋರ ಕೈಗೆ ಎಟುಕೋದು ಕಷ್ಟ. ಅದಕ್ಕೇ ಉಪರತ್ನ ಅಂತ ಒಂದು ವ್ಯವಸ್ಥೆ ಇದೆ. ನೀಲಕ್ಕೆ ಬದಲು ನೇರಳೆ ಬಣ್ಣದ ಅಮೆಥಿಸ್ಟ್. ಉತ್ತರದ ವ್ಯಾಪಾರಿಗಳು ಇದನ್ನ ಜಮುನಿಯಾ ಅಂತಾರೆ, ಜಾಮೂನ್ ಅಂದ್ರೆ ನೇರಳೆ ಹಣ್ಣು. ಪುಷ್ಯರಾಗಕ್ಕೆ ಬದಲು ಬಂಗಾರದ ಹಳದಿಯ ಸಿಟ್ರಿನ್, ಅದಕ್ಕೆ ಸುನೇಲಾ ಅಂತ ಹೆಸರು. ಎರಡು ಬೇರೆ ಡಬ್ಬಿ, ಎರಡು ಬೇರೆ ಗ್ರಹ.

ಈಗ ಕೇಳಿ. ಜಗತ್ತಿನ ಮಾರುಕಟ್ಟೆಯಲ್ಲಿ ಸಿಗೋ ಸಿಟ್ರಿನ್‌ನಲ್ಲಿ ಬಹುಪಾಲು ಹುಟ್ಟಿನಿಂದ ಹಳದಿ ಅಲ್ಲ. ಅದು ಅಮೆಥಿಸ್ಟ್ ಆಗಿತ್ತು. ಅದನ್ನ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದಾಗ ನೇರಳೆ ಹೋಗಿ ಹಳದಿ ಬಂತು. ಅಂದ್ರೆ ಶನಿಯ ಡಬ್ಬಿಯಲ್ಲಿ ಇರಬೇಕಾದ ಕಲ್ಲು ಒಂದು ಒಲೆ ಹತ್ತಿಸಿದ್ದಕ್ಕೆ ಗುರುವಿನ ಡಬ್ಬಿಗೆ ವರ್ಗ ಆಯ್ತು.

ಇದನ್ನ ಹೇಳ್ತಾ ಇರೋದು ಯಾರ ನಂಬಿಕೆಯನ್ನೂ ಕೆಣಕೋಕಲ್ಲ. ಉಂಗುರ ಹಾಕಿಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಓದಿದ್ದು ಬಿ.ಕಾಂ. ನನ್ನ ಕುತೂಹಲ ಬೇರೆ. ನಾವು ದುಡ್ಡು ಕೊಡೋದು ಬಣ್ಣಕ್ಕೆ. ಹಾಗಾದ್ರೆ ಆ ಬಣ್ಣ ಕಲ್ಲಿನ ಒಳಗೆ ಎಲ್ಲಿಂದ ಬಂತು? ಒಂದು ಕಡೆ ಗಾಢ, ಒಂದು ಕಡೆ ತಿಳಿ ಯಾಕೆ? ಈ ಪ್ರಶ್ನೆಯ ಹಿಂದೆ ಹೋದರೆ ರೋಮ್, ಪ್ಯಾರಿಸ್, ಬ್ರೆಜಿಲ್ ಎಲ್ಲಾ ಸುತ್ತಿ ಕೊನೆಗೆ ನಮ್ಮ ಬೆಂಗಳೂರಿಗೇ ಬರ್ತೀವಿ.

ಪ್ಲಿನಿ ಬರೆದಿಟ್ಟ ಲೆಕ್ಕ

ಮೊದಲು ರೋಮ್. ಕ್ರಿ.ಶ. 77ರ ಹೊತ್ತಿಗೆ ಪ್ಲಿನಿ ಅನ್ನೋ ರೋಮನ್ ಅಧಿಕಾರಿ ಒಂದು ದೊಡ್ಡ ವಿಶ್ವಕೋಶ ಬರೆದ. ಅದರ 37ನೇ, ಅಂದ್ರೆ ಕೊನೆಯ ಭಾಗ ಪೂರ್ತಿ ರತ್ನಗಳ ಬಗ್ಗೆ. ಅಮೆಥಿಸ್ಟ್‌ಗಳಲ್ಲಿ ಮೊದಲ ಸ್ಥಾನ ಭಾರತದಿಂದ ಬರೋದಕ್ಕೆ ಅಂತ ಅಲ್ಲಿ ಬರೆದಿದ್ದಾನೆ. ರಾಜರ ಬಟ್ಟೆಗೆ ಹಾಕೋ ಕೆನ್ನೇರಳೆ ಬಣ್ಣಕ್ಕೆ ಅದೇ ಮಾದರಿ ಅಂತಾನೆ. ನನಗೆ ಇಷ್ಟ ಆಗಿದ್ದು ಅದರ ನಂತರದ ಮಾತು. ಅವನು ಅಮೆಥಿಸ್ಟ್‌ನ ದರ್ಜೆಗಳನ್ನ ಒಂದೊಂದಾಗಿ ಹೇಳ್ತಾ ಹೋಗ್ತಾನೆ. ಒಂದು ದ್ರಾಕ್ಷಾರಸದ ಬಣ್ಣದ್ದು, ಕಟ್ಟಕಡೆಯದು ನೇರಳೆ ತಿಳಿಯಾಗ್ತಾ ಬಿಳಿ ಸ್ಫಟಿಕಕ್ಕೆ ತಿರುಗಿದ್ದು. ಅಂದ್ರೆ ಒಂದೇ ಹೆಸರಿನ ಕಲ್ಲಿಗೆ ಹಲವು ಬಣ್ಣ ಇದೆ, ಬಣ್ಣ ಇಳಿದ ಹಾಗೆ ಬೆಲೆಯೂ ಇಳಿಯುತ್ತೆ ಅನ್ನೋ ಲೆಕ್ಕ 2,000 ವರ್ಷ ಹಳೆಯದು. ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಭಾರತದವರು ಬಿಳಿ ಸ್ಫಟಿಕಕ್ಕೆ ಬಣ್ಣ ಕಟ್ಟಿ ಬೇರೆ ಬೇರೆ ರತ್ನಗಳ ನಕಲು ಮಾಡೋದನ್ನ ಕಂಡುಹಿಡಿದಿದ್ದಾರೆ ಅಂತ. ಒಂದೇ ಪುಸ್ತಕದಲ್ಲಿ ಹೊಗಳಿಕೆಯೂ ಇದೆ, ಅನುಮಾನವೂ ಇದೆ.

ರೋಮ್ ಎಲ್ಲಿ, ನಾವೆಲ್ಲಿ ಅನ್ನಬೇಡಿ. ರಾಜಾಜಿನಗರದ ಪಕ್ಕದಲ್ಲೇ ಇರೋ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದವು. ಅಗಸ್ಟಸ್, ಟೈಬೀರಿಯಸ್ ಕಾಲದವು ಅದರಲ್ಲಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಆ ಬೆಳ್ಳಿ ಹರಳಿನ ವ್ಯಾಪಾರದಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಆದರೆ ದಕ್ಷಿಣ ಭಾರತದ ಸರಕು ರೋಮ್‌ಗೆ, ರೋಮ್‌ನ ದುಡ್ಡು ಇಲ್ಲಿಗೆ ಬರ್ತಾ ಇದ್ದ ಕಾಲ ಅದು. ನಮ್ಮ ಗಡಿಯಾಚೆ, ಈರೋಡ್ ಹತ್ತಿರದ ಕೊಡುಮಣಲ್‌ನಲ್ಲಿ ಅಗೆದಾಗ ಅಮೆಥಿಸ್ಟ್, ಸ್ಫಟಿಕದ ಮಣಿ ಮಾಡ್ತಿದ್ದ ಕಸುಬಿನ ಕುರುಹುಗಳೇ ಸಿಕ್ಕಿವೆ.

ಕೆಂಗೇರಿ ದಾಟಿದರೆ ಸಿಗೋ ಪಾಠ

ಸರಿ, ಬಣ್ಣಕ್ಕೆ ಬರೋಣ. ಅಮೆಥಿಸ್ಟ್ ಅಂದ್ರೆ ಮೂಲದಲ್ಲಿ ಬೇರೇನೂ ಅಲ್ಲ, ನಮ್ಮ ಹೊಲ ಗದ್ದೆಯಲ್ಲಿ ಸಿಗೋ ಬೆಣಚುಕಲ್ಲಿನ ಜಾತಿಯದೇ. ಸಿಲಿಕಾನ್ ಮತ್ತು ಆಮ್ಲಜನಕ, ಅಷ್ಟೇ. ಶುದ್ಧವಾಗಿದ್ದರೆ ನೀರಿನ ಹಾಗೆ ಬಣ್ಣವೇ ಇಲ್ಲ. ನೇರಳೆ ಆಗೋಕೆ ಎರಡು ಸಾಮಾನು ಬೇಕು.

ಒಂದು, ಕಬ್ಬಿಣ. ಅದೂ ಚಿಟಿಕೆಗಿಂತ ಕಡಿಮೆ, ಹತ್ತು ಲಕ್ಷ ಭಾಗದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಭಾಗ. ಹರಳು ಬೆಳೆಯೋವಾಗ ಎಲ್ಲೋ ಒಂದೊಂದು ಕಡೆ ಸಿಲಿಕಾನ್ ಕೂರಬೇಕಾದ ಜಾಗದಲ್ಲಿ ಕಬ್ಬಿಣ ಬಂದು ಕೂತುಬಿಡುತ್ತೆ. ಆಗಲೂ ಕಲ್ಲು ನೇರಳೆ ಆಗಲ್ಲ.

ಎರಡನೆಯದು ವಿಕಿರಣ. ಸುತ್ತಲಿನ ಬಂಡೆಯಲ್ಲಿರೋ ಪೊಟ್ಯಾಸಿಯಂನಂಥ ಧಾತುಗಳಿಂದ ಬಹಳ ಸಣ್ಣ ಪ್ರಮಾಣದ ಗಾಮಾ ಕಿರಣ ಸದಾ ಹೊರಡ್ತಾನೇ ಇರುತ್ತೆ. ಲಕ್ಷಾಂತರ ವರ್ಷ ಆ ಕಿರಣ ತಾಗಿ ತಾಗಿ ಕಬ್ಬಿಣದ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಬೆಳಕಿನಲ್ಲಿರೋ ಹಸಿರು, ಹಳದಿ ಭಾಗವನ್ನ ನುಂಗಿಕೊಳ್ಳುತ್ತೆ. ಉಳಿಯೋದು ಎರಡು ತುದಿ, ಕೆಂಪು ಮತ್ತು ನೀಲಿ. ಎರಡೂ ಸೇರಿ ನಮ್ಮ ಕಣ್ಣಿಗೆ ನೇರಳೆ. ಇವತ್ತು ಹೆಚ್ಚಿನ ವಿಜ್ಞಾನಿಗಳು ಒಪ್ಪೋ ವಿವರಣೆ ಇದು.

ಇದನ್ನ ಮನಸ್ಸಲ್ಲಿ ಇಟ್ಟುಕೊಂಡು ಒಂದು ಭಾನುವಾರ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ರಾಮನಗರಕ್ಕೆ ಹೋಗಿ. ಶೋಲೆ ಬೆಟ್ಟದ ಬಂಡೆಗಳನ್ನ ನೋಡಿ. ಆ ಊರಿಗೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅನ್ನೋ ಹೆಸರಿತ್ತು. ಅದಕ್ಕೇ ಭೂವಿಜ್ಞಾನಿಗಳು ಈ ಬಂಡೆಯನ್ನ ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದರಲ್ಲಿ ಕಾಣೋ ಗುಲಾಬಿ ಹರಳುಗಳು ಪೊಟ್ಯಾಸಿಯಂ ತುಂಬಿರೋ ಫೆಲ್ಡ್‌ಸ್ಪಾರ್. ಪ್ರಕೃತಿಯಲ್ಲಿ ಸಿಗೋ ಪೊಟ್ಯಾಸಿಯಂನ ಶೇ. 0.012ರಷ್ಟು ಭಾಗ ವಿಕಿರಣಶೀಲ. ಅದರಲ್ಲಿ ಅರ್ಧ ಕರಗೋಕೆ 125 ಕೋಟಿ ವರ್ಷ ಬೇಕು. ಭಯ ಬೇಡ, ಬಾಳೆಹಣ್ಣಿನಲ್ಲೂ ಇದೇ ಪೊಟ್ಯಾಸಿಯಂ ಇರೋದು. ನಾನು ಹೇಳ್ತಿರೋದು ಇಷ್ಟೇ: ನೇರಳೆ ಮಾಡೋ ಸಾಮಾನುಗಳು ಅಪರೂಪದವೇನಲ್ಲ, ನಮ್ಮ ಬಂಡೆಯಲ್ಲೂ ಇವೆ. ಅಪರೂಪ ಅಂದ್ರೆ ಅವೆಲ್ಲ ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಸೇರೋದು. ಮೇಲಿಂದ, ಸೇರಿದ ಮೇಲೆ ಜಾಸ್ತಿ ಶಾಖ ತಾಗದೆ ಉಳಿಯೋದು.

ಇಲ್ಲೇ ನಮ್ಮ ಪ್ರಶ್ನೆಗೆ ಉತ್ತರ ಇದೆ. ಹರಳು ಬೆಳೆಯೋದು ಪದರ ಪದರವಾಗಿ. ಆವತ್ತಿನ ನೀರಿನಲ್ಲಿ ಕಬ್ಬಿಣ ಎಷ್ಟಿತ್ತೋ ಅವತ್ತಿನ ಪದರದಲ್ಲಿ ಅಷ್ಟು. ಜೊತೆಗೆ ಹರಳಿನ ಎಲ್ಲಾ ಮುಖಗಳೂ ಕಬ್ಬಿಣವನ್ನ ಒಂದೇ ಸಮ ಒಳಗೆ ಬಿಟ್ಟುಕೊಳ್ಳಲ್ಲ. ಹಾಗಾಗಿ ಅಮೆಥಿಸ್ಟ್ ಗೊಂಚಲನ್ನ ನೋಡಿದರೆ ಬುಡದಲ್ಲಿ ಬಿಳಿ, ತುದಿಯಲ್ಲಿ ಗಾಢ ನೇರಳೆ. ಹರಳನ್ನ ಅಡ್ಡಕ್ಕೆ ಕೊಯ್ದರೆ ಹೋಳು ಮಾಡಿದ ಹೋಳಿಗೆಯ ಹಾಗೆ ಒಂದು ತ್ರಿಕೋನ ಗಾಢ, ಪಕ್ಕದ್ದು ತಿಳಿ. ಬೊಲಿವಿಯಾ ದೇಶದ ಅನಾಹಿ ಗಣಿಯಲ್ಲಂತೂ ಒಂದೇ ಹರಳಿನಲ್ಲಿ ನೇರಳೆ, ಹಳದಿ ಎರಡೂ ಅಕ್ಕಪಕ್ಕ ಸಿಗುತ್ತೆ. ಅದಕ್ಕೆ ಅಮೆಟ್ರಿನ್ ಅಂತ ಹೆಸರು. ಶನಿ, ಗುರು ಇಬ್ಬರೂ ಒಂದೇ ಮನೆಯಲ್ಲಿ!

ಅಂಗಡಿಯ ಭಾಷೆಯಲ್ಲಿ ಈ ಏರುಪೇರಿಗೆ ದೋಷ ಅಂತಾರೆ. ನನ್ನ ಕಣ್ಣಿಗೆ ಅದು ದಿನಚರಿ ಲೆಕ್ಕದ ಪುಸ್ತಕ. ಯಾವ ಕಾಲದಲ್ಲಿ ಎಷ್ಟು ಜಮೆ ಆಯ್ತು ಅನ್ನೋದು ಪದರ ಪದರವಾಗಿ ದಾಖಲಾಗಿದೆ.

ಹೋದ ಬಣ್ಣ ವಾಪಸ್ ಬಂದಿದ್ದು

ಇದೆಲ್ಲಾ ಒಂದೇ ದಿನ ಗೊತ್ತಾಗಿದ್ದಲ್ಲ. 1906ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಮಾರ್ಸೆಲಿನ್ ಬರ್ತೆಲೊ ಒಂದು ಪ್ರಯೋಗ ಮಾಡಿದರು. ಅಮೆಥಿಸ್ಟ್ ಕಾಯಿಸಿ ಬಣ್ಣ ತೆಗೆದರು. ಆಮೇಲೆ ಅದನ್ನ ರೇಡಿಯಂ ಪಕ್ಕ ಇಟ್ಟರು. ನೇರಳೆ ವಾಪಸ್ ಬಂತು! ರೇಡಿಯಂ ಕಂಡುಹಿಡಿದು ಆಗ ಹತ್ತು ವರ್ಷವೂ ಆಗಿರಲಿಲ್ಲ. ಬಣ್ಣಕ್ಕೂ ವಿಕಿರಣಕ್ಕೂ ಸಂಬಂಧ ಇದೆ ಅನ್ನೋದು ಆವತ್ತು ಖಚಿತವಾಯ್ತು. 1925ರಲ್ಲಿ ಅಮೆರಿಕದ ಎಡ್ವರ್ಡ್ ಹೋಲ್ಡನ್, ಬಣ್ಣದ ಮೂಲ ಕಬ್ಬಿಣ ಅಂತ ವಾದ ಮಂಡಿಸಿದರು. ಆದರೆ ಕಬ್ಬಿಣ ಎಲ್ಲಿ ಕೂತಿದೆ, ಹೇಗೆ ಕೂತಿದೆ ಅನ್ನೋದು ಬಗೆಹರಿಯೋಕೆ ಇನ್ನೂ ದಶಕಗಳು ಬೇಕಾದವು.

ಆ ನಡುವಿನ ಕಾಲದಲ್ಲಿ ಅಮೆಥಿಸ್ಟ್ ಬೆಂಗಳೂರಿಗೆ, ಒಬ್ಬ ನೊಬೆಲ್ ವಿಜ್ಞಾನಿಯ ಮೇಜಿನ ಮೇಲೆ ಬಂತು. ಸರ್ ಸಿ.ವಿ. ರಾಮನ್.

ಅಕೌಂಟ್ಸ್ ಆಫೀಸರ್ ಮತ್ತು ಹರಳು

ಕಾಮರ್ಸ್ ಓದಿದವರಿಗೆ ಖುಷಿ ಕೊಡೋ ಒಂದು ವಿಷಯ ಮೊದಲು ಹೇಳಿಬಿಡ್ತೀನಿ. ರಾಮನ್ 1907ರಿಂದ 1917ರವರೆಗೆ ಕೆಲಸ ಮಾಡಿದ್ದು ಹಣಕಾಸು ಇಲಾಖೆಯಲ್ಲಿ, ಲೆಕ್ಕಪತ್ರದ ಅಧಿಕಾರಿಯಾಗಿ. ಭೌತಶಾಸ್ತ್ರ ಏನಿದ್ದರೂ ಆಫೀಸಿಗೆ ಮುಂಚೆ, ಆಫೀಸ್ ಮುಗಿದ ಮೇಲೆ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿಂದ ನಿವೃತ್ತರಾಗೋ ಹೊತ್ತಿಗೆ, 1948ರಲ್ಲಿ, ಮೈಸೂರು ಮಹಾರಾಜರು ಹಿಂದೆಯೇ ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅದೇ ಮೇಖ್ರಿ ವೃತ್ತದ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆ. ನಮ್ಮ ರಾಜಾಜಿನಗರದಿಂದ ಮಲ್ಲೇಶ್ವರ ದಾಟಿ ಹೋದರೆ ಬಹಳ ದೂರವೇನಲ್ಲ.

ಅಲ್ಲಿ ಕೂತು ರಾಮನ್ ಏನು ಮಾಡಿದರು ಗೊತ್ತಾ? ಕಲ್ಲು ನೋಡಿದರು. ಚಂದ್ರಕಾಂತ ಶಿಲೆ, ಓಪಲ್, ಲ್ಯಾಬ್ರಡೊರೈಟ್, ಮುತ್ತು, ಅಗೇಟು. ಹರಳು, ಖನಿಜ, ಚಿಪ್ಪು, ಚಿಟ್ಟೆಗಳ ದೊಡ್ಡ ಸಂಗ್ರಹವೇ ಅವರ ಬಳಿ ಇತ್ತು. ಸಂಸ್ಥೆಯ ಮ್ಯೂಸಿಯಂನಲ್ಲಿ ಅದು ಈಗಲೂ ಇದೆ. 1950ರ ದಶಕದಲ್ಲಿ ಎ. ಜಯರಾಮನ್ ಅನ್ನೋ ಯುವ ಸಹಾಯಕರ ಜೊತೆ ಸೇರಿ ಅಮೆಥಿಸ್ಟ್ ಬಗ್ಗೆಯೂ ಸಂಶೋಧನಾ ಲೇಖನ ಬರೆದರು.

ಅವರನ್ನ ಹಿಡಿದಿಟ್ಟಿದ್ದು ಅಮೆಥಿಸ್ಟ್‌ನ ಒಂದು ವಿಚಿತ್ರ ಗುಣ. ಪೋಲರಾಯ್ಡ್ ಹಾಳೆ ಮೂಲಕ ಅಮೆಥಿಸ್ಟ್ ನೋಡ್ತಾ ಹಾಳೆಯನ್ನ ತಿರುಗಿಸಿದರೆ ಬಣ್ಣ ತುಸು ಬದಲಾಗುತ್ತೆ. ಒಂದು ದಿಕ್ಕಿನಲ್ಲಿ ಕೆಂಪು ಮಿಶ್ರಿತ ನೇರಳೆ, ಇನ್ನೊಂದು ದಿಕ್ಕಿನಲ್ಲಿ ನೀಲಿ ಮಿಶ್ರಿತ ನೇರಳೆ. ಕಲ್ಲು ಅದೇ, ಬೆಳಕೂ ಅದೇ, ನೋಡೋ ದಿಕ್ಕು ಮಾತ್ರ ಬೇರೆ. ಹರಳಿನ ಒಳಗಿನ ಕಟ್ಟಡಕ್ಕೂ ಈ ಬಣ್ಣದ ಆಟಕ್ಕೂ ಏನು ಸಂಬಂಧ ಅನ್ನೋದೇ ಅವರ ಪ್ರಶ್ನೆ.

ಈ ದಾರಿ ತೆರೆದಿದ್ದು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. 1819ರಷ್ಟು ಹಿಂದೆಯೇ ಅಮೆಥಿಸ್ಟ್ ಒಳಗೆ ಎಡಗೈ ಸ್ಫಟಿಕ, ಬಲಗೈ ಸ್ಫಟಿಕ ಎರಡೂ ಪಟ್ಟೆ ಪಟ್ಟೆಯಾಗಿ ಹೆಣೆದುಕೊಂಡಿರೋದನ್ನ ಅವರು ಬೆಳಕಿನಿಂದಲೇ ಪತ್ತೆ ಮಾಡಿದ್ದರು. ಎಡಗೈ ಬಲಗೈ ಅಂದ್ರೆ, ನಮ್ಮ ಎರಡು ಕೈ ನೋಡೋಕೆ ಒಂದೇ ಥರ ಇದ್ದರೂ ಒಂದರ ಮೇಲೊಂದು ಇಟ್ಟರೆ ಸರಿಹೊಂದಲ್ವಲ್ಲ, ಹಾಗೆ. ಸ್ಫಟಿಕದಲ್ಲೂ ಆ ಎರಡು ಬಗೆ ಇವೆ.

ರಾಮನ್ ಹೇಳಿದ್ದೆಲ್ಲಾ ನಿಂತಿದೆ ಅಂತಲ್ಲ. ಹರಳಿನ ಪರಮಾಣುಗಳ ಕಂಪನದ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆ ಅವರಿಗೆ ದೊಡ್ಡ ಜಗಳವೇ ಆಗಿತ್ತು, ಅದರಲ್ಲಿ ಕೊನೆಗೆ ಗೆದ್ದಿದ್ದು ಬಾರ್ನ್ ಸಿದ್ಧಾಂತ. ಆದರೆ ಅವರಿಂದ ಕಲಿಯೋ ಒಂದು ವಿಷಯ ಇದೆ. ಅಂಗಡಿಯವರು ಇದಕ್ಕೆ ಬೆಲೆ ಎಷ್ಟು ಅಂತ ಕೇಳೋ ಕಡೆ ಅವರು ಇದು ಹೀಗೆ ಯಾಕಿದೆ ಅಂತ ಕೇಳಿದರು. ಸಮ ಬಣ್ಣದ ಕಲ್ಲಿಗಿಂತ ಏರುಪೇರಿನ ಕಲ್ಲು ಆ ಪ್ರಶ್ನೆಗೆ ಹೆಚ್ಚು ಉತ್ತರ ಕೊಡುತ್ತೆ.

ಬೆಲೆ ಬಿದ್ದಿದ್ದು, ಒಲೆ ಹತ್ತಿದ್ದು

ಈಗ ಮಾರ್ಕೆಟ್. ಒಂದು ಕಾಲಕ್ಕೆ ಯುರೋಪಿನಲ್ಲಿ ಅಮೆಥಿಸ್ಟ್‌ಗೆ ವಜ್ರ, ಮಾಣಿಕ್ಯ, ನೀಲ, ಪಚ್ಚೆ ಪಕ್ಕದಲ್ಲೇ ಜಾಗ ಇತ್ತು. ರಾಜರು, ಬಿಷಪ್‌ಗಳು ಹಾಕಿಕೊಳ್ತಿದ್ದರು. 19ನೇ ಶತಮಾನದಲ್ಲಿ ಬ್ರೆಜಿಲ್ ಮತ್ತು ಉರುಗ್ವೆಯಲ್ಲಿ ಲಾವಾ ಬಂಡೆಯ ಪೊಳ್ಳುಗಳಲ್ಲಿ ಅಮೆಥಿಸ್ಟ್ ರಾಶಿ ರಾಶಿ ಸಿಕ್ಕಿತು. ಪೂರೈಕೆ ಏರಿತು, ಬೆಲೆ ಇಳಿಯಿತು. ಮೊದಲ ವರ್ಷದ ಅರ್ಥಶಾಸ್ತ್ರದ ಪಾಠ. ಕಲ್ಲಿನಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಆಗಿರಲಿಲ್ಲ, ಅದರ ದರ್ಜೆ ಮಾತ್ರ ರತ್ನದಿಂದ ಉಪರತ್ನಕ್ಕೆ ಇಳಿಯಿತು.

ರಾಶಿ ಬಿದ್ದ ಮೇಲೆ ಅದರಲ್ಲಿ ತಿಳಿ ಬಣ್ಣದ್ದು, ಮಾಸಿದ್ದು ಬಹಳ ಇರುತ್ತಲ್ಲ, ಅದನ್ನೇನು ಮಾಡೋದು? ಕಾಯಿಸೋದು. ಶಾಖಕ್ಕೆ ಕಬ್ಬಿಣ ಕಳಕೊಂಡ ಎಲೆಕ್ಟ್ರಾನನ್ನ ವಾಪಸ್ ಪಡೆಯುತ್ತೆ, ನೇರಳೆ ಹೋಗುತ್ತೆ, ಅದೇ ಕಬ್ಬಿಣ ಬೇರೆ ರೂಪದಲ್ಲಿ ಹಳದಿ ತೋರಿಸುತ್ತೆ. ಬ್ರೆಜಿಲ್‌ನ ಮೊಂಟೆಜುಮಾ ಗಣಿಯ ಅಮೆಥಿಸ್ಟ್ ಕಾಯಿಸಿದರೆ ಹಳದಿ ಬದಲು ಹಸಿರು ಆಗುತ್ತೆ. ಇದರಲ್ಲಿ ಮೋಸ ಏನೂ ಇಲ್ಲ, ಹೇಳಿ ಮಾರಿದರೆ. ಹೇಳದೆ ಮಾರೋದೇ ತಕರಾರು.

ನಮ್ಮ ಚಿಕ್ಕಮ್ಮನ ಉಂಗುರ

ಇದನ್ನೆಲ್ಲಾ ನಾನು ಓದೋಕೆ ಶುರು ಮಾಡಿದ್ದಕ್ಕೆ ಮನೆಯದೇ ಒಂದು ಕಾರಣ ಇದೆ. ಬಸವೇಶ್ವರನಗರದಲ್ಲಿರೋ ನಮ್ಮ ಚಿಕ್ಕಮ್ಮ ಸಾಡೇಸಾತಿ ಅಂತ ಒಂದು ಅಮೆಥಿಸ್ಟ್ ಉಂಗುರ ಮಾಡಿಸಿದ್ದರು. ಆ ಕಾಲ ಮುಗಿದ ಮೇಲೆ ತೆಗೆದು ಹಾಲ್‌ನಲ್ಲಿ ಪಶ್ಚಿಮದ ಕಿಟಕಿ ಪಕ್ಕ ಒಂದು ಗಾಜಿನ ಬಟ್ಟಲಲ್ಲಿ ಇಟ್ಟರು. ವರ್ಷಗಟ್ಟಲೆ ಸಂಜೆ ಬಿಸಿಲು ಅದರ ಮೇಲೆ. ಒಂದು ದಿನ ಕೈಗೆ ತಗೊಂಡು ನೋಡ್ತಾರೆ, ಬದನೆಕಾಯಿ ಬಣ್ಣದ ಕಲ್ಲು ನೀರು ಬೆರೆಸಿದ ದ್ರಾಕ್ಷಿ ಜ್ಯೂಸ್ ಆಗಿದೆ. "ನೋಡೇ, ಗಾಜು ಕೊಟ್ಟು ಏಮಾರಿಸಿದಾರೆ ಕಣೇ" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಕಷ್ಟದ ಕಾಲದಲ್ಲಿ ಚೀಟಿ ದುಡ್ಡು ಎತ್ತಿ ಮಾಡಿಸಿದ್ದು ಅದು. ಅಂಗಡಿಗೆ ಹೋದರೆ, ಈ ಕಲ್ಲು ನಮ್ಮದೇ ಅಲ್ಲ ಅಂದುಬಿಟ್ಟರು. ಬಿಲ್ ತೆಗೆದು ನೋಡಿದರೆ ಅದರಲ್ಲಿ ಬರೆದಿದ್ದು "ಸ್ಟೋನ್, 1 ಪೀಸ್" ಅಷ್ಟೇ.

ನಾವು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದ್ವಿ. ವರದಿ ಬಂತು: ನೈಸರ್ಗಿಕ ಅಮೆಥಿಸ್ಟ್. ಅಂದ್ರೆ ಗಾಜು ಕೊಟ್ಟಿರಲಿಲ್ಲ. ಕೆಲವು ಅಮೆಥಿಸ್ಟ್ ಬಹಳ ದಿನ ಜೋರು ಬೆಳಕಿನಲ್ಲಿದ್ದರೆ ಬಣ್ಣ ಕಳಕೊಳ್ಳುತ್ತೆ. ಅದು ಆ ಕಲ್ಲಿನ ಗುಣ. ಇದೊಂದು ಮಾತನ್ನ ಕೊಡೋವಾಗಲೇ ಹೇಳಿದ್ದರೆ, ಬಿಲ್‌ನಲ್ಲಿ ಕಲ್ಲಿನ ಹೆಸರು ಬರೆದಿದ್ದರೆ ಆ ಜಗಳವೇ ಇರ್ತಿರಲಿಲ್ಲ. ಚಿಕ್ಕಮ್ಮನಿಗೆ ವರದಿ ಓದಿ ಹೇಳಿದಾಗ ಅವರು ಕೇಳಿದ್ದು, "ಹಾಗಾದ್ರೆ ಕಲ್ಲು ಸತ್ತಿಲ್ವಾ?" ಅಂತ. ಇಲ್ಲ, ಬರ್ತೆಲೊ ಪ್ರಯೋಗದ ಪ್ರಕಾರ ಕಬ್ಬಿಣ ಅಲ್ಲೇ ಇದೆ. ಎಲೆಕ್ಟ್ರಾನ್ ಮಾತ್ರ ಮನೆಗೆ ವಾಪಸ್ ಬಂದಿದೆ.

ಹಾಗಾದರೆ ಅಸಲಿ ಅಂದರೇನು?

ಈಗಿನ ಕಾಲದಲ್ಲಿ ಈ ಪ್ರಶ್ನೆ ಇನ್ನೂ ಕಗ್ಗಂಟು. 1970ರ ದಶಕದಿಂದ ಲ್ಯಾಬ್‌ನಲ್ಲಿ ಬೆಳೆಸಿದ ಅಮೆಥಿಸ್ಟ್ ಮಾರುಕಟ್ಟೆಯಲ್ಲಿದೆ. ಉಕ್ಕಿನ ದೊಡ್ಡ ಒತ್ತಡದ ಪಾತ್ರೆಯಲ್ಲಿ, ಬಿಸಿ ದ್ರಾವಣದಲ್ಲಿ, ಕಬ್ಬಿಣ ಬೆರೆಸಿ ಸ್ಫಟಿಕ ಬೆಳೆಸ್ತಾರೆ. ಆಮೇಲೆ ಗಾಮಾ ಕಿರಣ ಹಾಯಿಸ್ತಾರೆ. ಅದೇ ಸಿಲಿಕಾನ್, ಅದೇ ಕಬ್ಬಿಣ, ಅದೇ ವಿಕಿರಣ. ಬಂಡೆ ಲಕ್ಷಾಂತರ ವರ್ಷದಲ್ಲಿ ಮಾಡಿದ್ದನ್ನ ಫ್ಯಾಕ್ಟರಿ ಕೆಲವು ವಾರಗಳಲ್ಲಿ ಮಾಡಿ ಮುಗಿಸುತ್ತೆ. ಬಣ್ಣವೂ ಸಾಮಾನ್ಯವಾಗಿ ಒಂದೇ ಸಮ.

ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಗಾಜೋ ಸ್ಫಟಿಕವೋ ಅನ್ನೋದನ್ನ ಹೇಳೋಕೆ ಇವತ್ತು ಲ್ಯಾಬ್‌ಗಳು ಬಳಸೋ ಒಂದು ಯಂತ್ರ ರಾಮನ್ ಸ್ಪೆಕ್ಟ್ರೋಮೀಟರ್, ಹೌದು, ನಮ್ಮ ರಾಮನ್ ಪರಿಣಾಮದಿಂದ ಹುಟ್ಟಿದ್ದು. ಆದರೆ ನೆಲದಲ್ಲಿ ಬೆಳೆದಿದ್ದೋ ಲ್ಯಾಬ್‌ನಲ್ಲಿ ಬೆಳೆದಿದ್ದೋ ಅನ್ನೋಕೆ ಅದೊಂದೇ ಸಾಲದು, ಎರಡೂ ಸ್ಫಟಿಕವೇ ತಾನೆ. ಅಲ್ಲಿ ನೆರವಿಗೆ ಬರೋದು ಬ್ರೂಸ್ಟರ್ ನೋಡಿದ ಆ ಎಡಗೈ ಬಲಗೈ ಪಟ್ಟೆಗಳು. ನೈಸರ್ಗಿಕ ಅಮೆಥಿಸ್ಟ್‌ನಲ್ಲಿ ಅವು ಸಾಮಾನ್ಯ, ಲ್ಯಾಬ್‌ನದರಲ್ಲಿ ಹೆಚ್ಚಾಗಿ ಇರಲ್ಲ. ಅದೂ ಸಂಶಯ ಆದರೆ ಅತಿಗೆಂಪು ಕಿರಣದ ಪರೀಕ್ಷೆ ಇದೆ. ತಮಾಷೆ ನೋಡಿ. ನಾವು ದುಡ್ಡು ಜಾಸ್ತಿ ಕೊಡೋದು ಏರುಪೇರಿಲ್ಲದ ಕಲ್ಲಿಗೆ. ಕಲ್ಲು ನೆಲದ್ದು ಅನ್ನೋಕೆ ಸಾಕ್ಷಿ ಹುಡುಕೋದು ಅದರೊಳಗಿನ ಏರುಪೇರಿನಲ್ಲಿ.

ಅದಕ್ಕೆ, ಹರಳು ತಗೋಬೇಕು ಅನ್ನೋರಿಗೆ ನನ್ನ ಕಡೆಯಿಂದ ಮೂರು ಮಾತು. ಒಂದು, ಬಿಲ್‌ನಲ್ಲಿ ಕಲ್ಲಿನ ಹೆಸರು, ತೂಕ, ನೈಸರ್ಗಿಕವೋ ಕಾಯಿಸಿದ್ದೋ ಲ್ಯಾಬ್‌ನದೋ ಅಂತ ಬರೆಸಿಕೊಳ್ಳಿ. ಎರಡು, ಅಮೆಥಿಸ್ಟ್ ಉಂಗುರ ರಿಪೇರಿಗೆ ಕೊಟ್ಟರೆ ಬೆಸುಗೆ ಹಾಕೋ ಮುಂಚೆ ಕಲ್ಲು ತೆಗೆಯೋಕೆ ಹೇಳಿ, ಬಿಸಿಲಲ್ಲಿ ಬಿಡಬೇಡಿ. ಮೂರು, ಕಲ್ಲನ್ನ ಬಿಳಿ ಕಾಗದದ ಮೇಲೆ ತಲೆಕೆಳಗೆ ಇಟ್ಟು ನೋಡಿ. ಒಂದು ಮೂಲೆ ಗಾಢ, ಒಂದು ಮೂಲೆ ತಿಳಿ ಕಂಡರೆ ತಕ್ಷಣ ಬೇಜಾರು ಮಾಡ್ಕೋಬೇಡಿ. ದರ ಇಳಿಸಿ ಅಂತ ಚೌಕಾಸಿ ಮಾಡಿ, ಅದು ನಿಮ್ಮ ಹಕ್ಕು. ಆದರೆ ಆ ತಿಳಿ ಮೂಲೆಯಲ್ಲಿರೋದು ಕಬ್ಬಿಣ ಕಡಿಮೆ ಸಿಕ್ಕ ಒಂದು ಕಾಲ ಅನ್ನೋದು ನೆನಪಿರಲಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಬಣ್ಣ ಮಾಸಿದ ಹರಳು, ಅದರ ಸುತ್ತ ಒಂದು ಹಳೇ ಜಗಳ ಇದ್ದರೆ ಬರೆದು ಕಳಿಸಿ.